ಅಡುಗೆಮನೆಯ ಚಮಚ

ಮನೆಯ ಮುಂದಿನ ಕೋಣೆಯಿಂದ,
14ನೇ ತಾರೀಖು, ಭಾನುವಾರ ಬೆಳಿಗ್ಗೆ

ಪ್ರೀತಿಯ ಮನೆಯೊಡತಿಗೆ,

ಹೇಗಿದ್ದೀಯ? ಅಕ್ಕನ ಸೊಂಟದ ಮೂಳೆ ಕೂಡಿಕೊಳ್ಳುತ್ತಿದೆಯೇ? ಅವರನ್ನು ಎತ್ತಿ ಕೂರಿಸುವ ಭರದಲ್ಲಿ ನಿನ್ನ ಸೊಂಟ ಮುರಿದುಕೊಳ್ಳಬೇಡ, ನಿಮ್ಮಿಬ್ಬರನ್ನೂ ನೋಡಿಕೊಳ್ಳಲು ಇನ್ನೊಬ್ಬ ತಂಗಿಯಿಲ್ಲ. ನಾನು ಗಟ್ಟಿಯಾಗಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ, ಉಂಡ ಪಾತ್ರೆಯನ್ನು ಆಗಲೇ ತೊಳೆದಿಡುತ್ತೇನೆ. ನಂಬುವುದು ಬಿಡುವುದು ನಿನಗೆ ಬಿಟ್ಟದ್ದು. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಿಮ್ಮ ಕಡೆಯ ಲೈನ್ ಸರಿಯಿಲ್ಲ. ನೀನು ಹೇಳಿದ್ದರಲ್ಲಿ ಅರ್ಧ ಕೇಳಿಸುವುದಿಲ್ಲ. ಆ ಅರ್ಧಕ್ಕೂ ಹೂಂಗುಟ್ಟಿ, ಏನೇನಕ್ಕೆ ಒಪ್ಪಿಕೊಂಡೆನೋ ಎಂದು ಆಮೇಲೆ ಹೆದರಿಕೊಂಡು ಕೂರುತ್ತೇನೆ.

ಪಾಠಗಳು ನಡೆಯುತ್ತಿವೆ. ನೀನು ಹೋದ ಮೇಲೆ ಮಕ್ಕಳೆಲ್ಲ ತಾವು ದೊಡ್ಡ ವಿದ್ವಾಂಸರಾಗಿಬಿಟ್ಟೆವೆಂದು ಬೀಗುತ್ತಿದ್ದಾರೆ, ಯಾಕೆ ಹೇಳು? ಅಡುಗೆಮನೆಯಿಂದ ಚಮಚದ ಏಟು ಕೇಳುತ್ತಿಲ್ಲವಲ್ಲ, ಅದಕ್ಕೆ. ಸ್ವರ ಇಳಿದರೆ ಬೋಗುಣಿಗೆ ಒಂದು ಏಟು, ಏರಿದರೆ ಎರಡು. ವಯೊಲಿನ್ನಿನ ಕಮಾನನ್ನು ಒಂದು ದಿನವೂ ಕೈಯಲ್ಲಿ ಹಿಡಿಯದ ನಿನಗೆ ಈ ಅಧಿಕಾರ ಕೊಟ್ಟವರು ಯಾರೆಂದು ನಾನು ಎಷ್ಟು ಸಲ ಹಾರಾಡಿಲ್ಲ! ‘ಪಾಠ ಹೇಳೋದು ನಾನಾ ನೀನಾ?’ ಅಂದರೆ, ‘ಪಾತ್ರೆ ತೊಳೀತಿದ್ದೀನಿ ಅಷ್ಟೆ’ ಅನ್ನುತ್ತಿದ್ದೆ. ಮಕ್ಕಳಿಗೆ ಮಾತ್ರ ನಿನ್ನ ಏಟೆಂದರೆ ನನ್ನ ಬೈಗುಳಕ್ಕಿಂತ ಹೆಚ್ಚು ಭಯ. ಮೊದಲ ವಾರ ನಮ್ಮ ಪುಟಾಣಿ ಶಿಷ್ಯೆ ಗುಬ್ಬಿ ಎರಡು ಸಾಲು ನುಡಿಸುವುದು, ನಿಲ್ಲಿಸಿ ಅಡುಗೆಮನೆಯ ಬಾಗಿಲು ನೋಡುವುದು, ಹೀಗೇ ಮಾಡಿದಳು. ಕೊನೆಗೆ, ಅಜ್ಜಿ ಇಲ್ಲದಿದ್ದರೆ ತಪ್ಪಾಗಿದ್ದು ಗೊತ್ತಾಗುವುದು ಹೇಗೆ ಎಂದು ನನ್ನನ್ನೇ ಕೇಳಿದಳು. ಎದುರಿಗೆ ಮೇಷ್ಟ್ರು ಕಂಬದ ಹಾಗೆ ನಿಂತಿರುವಾಗ ಕೇಳುವ ಪ್ರಶ್ನೆಯೇ ಅದು?

ಲಂಬು ಈಗ ವಯೋಲಾಕ್ಕೆ ಒಗ್ಗಿಹೋಗಿದ್ದಾನೆ. ಬೆರಳು ಉದ್ದವಾಯಿತು, ವಯೊಲಿನ್ ಬಿಟ್ಟು ಅದರ ದಪ್ಪ ದನಿಯ ಅಕ್ಕನನ್ನು ಹಿಡಿ ಎಂದಾಗ ಮುಖ ಊದಿಸಿಕೊಂಡಿದ್ದನಲ್ಲ, ಈಗ ಅದನ್ನು ಕೆಳಗಿಡುವುದೇ ಇಲ್ಲ. ಅವನ ಪಾಠವೆಂದರೆ ನನಗೂ ಜೀವ ತಂಪು. ಒಂದೊಂದು ಸ್ವರವೂ ಎದೆಗೆ ಬಂದು ಕೂರುತ್ತದೆ, ಕಿವಿ ಚಾಚಿ ಹುಡುಕಬೇಕಾಗಿಲ್ಲ.

ಇನ್ನು ಗುಬ್ಬಿಯ ಪರೀಕ್ಷೆಯ ಸುದ್ದಿ. ನೀನು ಮೂರು ಸಲ ಕೇಳಿದೆ, ಮೂರು ಸಲವೂ ನಾನು ‘ಆಯಿತು, ಆಯಿತು’ ಎಂದು ಹಾರಿಸಿಬಿಟ್ಟೆ. ಸಂಗೀತ ಶಾಲೆಯಲ್ಲಿ ಇದ್ದದ್ದು ಎರಡೇ ಜಾಗ, ಬಂದಿದ್ದ ಮಕ್ಕಳು ನಲವತ್ತು. ಬಸ್ ಓಡಿಸುವ ಅವಳಪ್ಪ ಪಾಳಿ ಬದಲಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಈ ಜಾಗ ಸಿಗದಿದ್ದರೆ ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತದೆ ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಹೊರಗಿನ ಮೊಗಸಾಲೆಯಲ್ಲಿ ಎಂದಿನಂತೆ ನಾನೇ ಅವಳ ವಯೊಲಿನ್ ಶ್ರುತಿ ಮಾಡಿದೆ. ಅವಳ ಪುಟ್ಟ ಕೈಗೆ ಬಿರಡೆ ತಿರುಗುವುದಿಲ್ಲ. ಎಲ್ಲಕ್ಕಿಂತ ಸಣ್ಣ ತಂತಿಯನ್ನು ಎರಡು ಸಲ ನೋಡಿ, ಸರಿಯಾಗಿದೆ ಹೋಗು ಎಂದು ಬೆನ್ನು ತಟ್ಟಿದೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿ ಒಳಗೆ ಹೋದಳು.

ಬಾಗಿಲ ಗಾಜಿನಿಂದ ನೋಡುತ್ತಿದ್ದೆ. ಮೊದಲ ಸಾಲು ಮುಗಿಯುವ ಮುಂಚೆ ನಿಲ್ಲಿಸಿಬಿಟ್ಟಳು. ಅವಳಪ್ಪ ನನ್ನ ತೋಳು ಹಿಡಿದುಕೊಂಡರು. ಗುಬ್ಬಿ ಪರೀಕ್ಷಕರಿಗೆ ಏನೋ ಹೇಳಿ, ತಂತಿಯ ಬುಡದಲ್ಲಿ ಅವಳ ಕೈಗೂ ತಿರುಗುವ ಸಣ್ಣ ತಿರುಪನ್ನು ಚೂರು ಬಿಗಿ ಮಾಡಿ, ಕಿವಿಗಿಟ್ಟು ಮೀಟಿ, ಮೊದಲಿನಿಂದ ಶುರುಮಾಡಿದಳು. ಆಮೇಲೆ ಎಲ್ಲೂ ಎಡವಲಿಲ್ಲ. ಹೊರಗೆ ಬಂದವಳು ನಾನು ಬಾಯಿ ತೆರೆಯುವ ಮೊದಲೇ, ‘ಒಳಗೆ ಚಳಿ ಇತ್ತು ಮೇಷ್ಟ್ರೇ, ತಂತಿ ಇಳಿದುಹೋಯ್ತು’ ಅಂದಳು. ಅವಳ ಹಣೆಯ ಮೇಲೆ ಬೆವರಿತ್ತು. ಒಂಬತ್ತು ವರ್ಷದ ಮಗು ನನ್ನ ಮಾನ ಕಾಪಾಡಲು ಸುಳ್ಳು ಹೇಳುತ್ತಿತ್ತು. ನೆಲ ಬಾಯಿಬಿಡಬಾರದೇ ಅನಿಸಿತು.

ಜಾಗ ಸಿಕ್ಕಿತು. ಶುಕ್ರವಾರ ಪಟ್ಟಿ ಹಾಕಿದರು, ಅವಳ ಹೆಸರು ಎರಡನೆಯದು. ಅವಳಪ್ಪ ಅಲ್ಲೇ ನಿಂತು ಅತ್ತುಬಿಟ್ಟರು. ಪರೀಕ್ಷಕಿ ಹೊರಗೆ ಬಂದು ನನ್ನ ಕೈ ಕುಲುಕಿ, ಇಷ್ಟು ಚಿಕ್ಕ ಮಗುವಿಗೆ ತನ್ನ ಕಿವಿಯನ್ನು ತಾನೇ ನಂಬುವುದು ಕಲಿಸಿದ್ದೀರಿ ಎಂದು ಹೊಗಳಿದರು. ತಂತಿ ಇಳಿದದ್ದು ಹೇಗೆ ಗೊತ್ತಾಯಿತು ಎಂದು ಅವರು ಕೇಳಿದ್ದರಂತೆ. ಅದಕ್ಕೆ ಇವಳು ಕೊಟ್ಟ ಉತ್ತರ ಅವರಿಗೆ ಅರ್ಥವಾಗಲಿಲ್ಲವಂತೆ: ‘ತಲೆಯೊಳಗೆ ಚಮಚ ಬಡೀತು.’

ನನಗೆ ಅರ್ಥವಾಯಿತು. ಹೊಗಳಿಕೆಯನ್ನು ಜೇಬಿಗೆ ಹಾಕಿಕೊಂಡು ಸುಮ್ಮನೆ ಬರಲು ಆಗಲಿಲ್ಲ. ಅದು ನನ್ನ ಹೆಂಡತಿಗೆ ಸೇರಬೇಕಾದದ್ದು, ತಲುಪಿಸುತ್ತೇನೆ ಎಂದೆ. ಇಗೋ, ತಲುಪಿಸಿದ್ದೇನೆ.

ಅಕ್ಕನಿಗೆ ನನ್ನ ನಮಸ್ಕಾರ ತಿಳಿಸು. ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಟ್ಟರೆ ಐದನೆಯದಕ್ಕೆ ಹಟ ಮಾಡಬೇಡಿ ಎನ್ನು. ನೀನು ಮಧ್ಯಾಹ್ನ ಸ್ವಲ್ಪ ಮಲಗು.

ಇಂತಿ ನಿನ್ನ,
ಮೂಗಿನ ತುದಿಯ ಕೋಪದ ಮೇಷ್ಟ್ರು

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿದ್ದೇನೆ. ನಿಮ್ಮ ಲೈನ್ ಸರಿಯಾಗಿಯೇ ಇದೆ. ನಿನ್ನೆ ಕಿವಿಯ ಡಾಕ್ಟರ ಹತ್ತಿರ ಹೋಗಿದ್ದೆ. ಮೇಲಿನ ಸ್ವರದ ಸಣ್ಣ ದನಿಗಳು ನನ್ನ ಪಾಲಿಗೆ ಸವೆದುಹೋಗಿವೆಯಂತೆ, ಶುರುವಾಗಿ ನಾಲ್ಕು ವರ್ಷವಾದರೂ ಆಗಿರಬೇಕಂತೆ. ಮನೆಗೆ ಬಂದು ಲೆಕ್ಕ ಹಾಕಿದೆ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಮೊದಲ ಮೂವತ್ತನಾಲ್ಕು ವರ್ಷ ನನ್ನ ಪಾಠದ ಹೊತ್ತಿನಲ್ಲಿ ನೀನು ಒಂದು ಲೋಟವನ್ನೂ ಸದ್ದುಮಾಡಿ ಇಟ್ಟವಳಲ್ಲ. ಚಮಚದ ಏಟು ಶುರುವಾದದ್ದು ಆಮೇಲೆ. ನಿನಗೆ ಆಗಲೇ ಗೊತ್ತಾಗಿತ್ತು, ಅಲ್ಲವೇ? ಗೊತ್ತಿದ್ದೂ ನನ್ನಿಂದ ಬೈಸಿಕೊಂಡೆ. ಪಾಠ ನಿಲ್ಲಿಸಿಬಿಡೋಣ ಎಂದುಕೊಂಡಿದ್ದೆ, ಆದರೆ ಹಾಗೆ ಮಾಡಿದರೆ ನೀನು ಮಾಡಿದ್ದೆಲ್ಲ ನೀರುಪಾಲಾಗುತ್ತದೆ. ನಾಳೆ ಮಕ್ಕಳ ಮನೆಯವರಿಗೆಲ್ಲ ಹೇಳುತ್ತೇನೆ, ಒಪ್ಪಿದವರು ಉಳಿಯಲಿ. ನಿನ್ನ ಕುರ್ಚಿಯನ್ನು ಅಡುಗೆಮನೆಯಿಂದ ತಂದು ಈ ಕೋಣೆಯಲ್ಲಿ ನನ್ನ ಪಕ್ಕಕ್ಕೆ ಹಾಕಿದ್ದೇನೆ. ಅಕ್ಕ ನಡೆಯುವಂತಾದ ಕೂಡಲೇ ಬಾ. ಪಾತ್ರೆ ತೊಳೆದಿಟ್ಟೆ ಎಂದದ್ದು ಸುಳ್ಳು. ಆ ಚಮಚವೊಂದನ್ನು ಮಾತ್ರ ತೊಳೆದು, ಒರೆಸಿ, ಕುರ್ಚಿಯ ಮೇಲೆ ಇಟ್ಟಿದ್ದೇನೆ.