ತಟ್ಟಿ ನೋಡಿದ ಬಂಡೆ

ಹಳೇಕೋಟೆ, ಹೊಳೆನರಸೀಪುರ ತಾಲ್ಲೂಕು
27 ಜನವರಿ 2025

ನನ್ನ ಮುದ್ದಿನ ಅಪ್ಪನಿಗೆ,

ನಿನ್ನ ಮಗಳ ನಮಸ್ಕಾರ. ಸಂಕ್ರಾಂತಿಯ ಮಾರನೇ ದಿನವೇ ಬರೆಯಬೇಕೆಂದುಕೊಂಡಿದ್ದ ಕಾಗದ ಇದು. ಬರೆದೆ, ಹರಿದೆ, ಮತ್ತೆ ಬರೆದೆ. ತಡವಾಯಿತು, ಬೈಯಬೇಡ. ‘ತೀರ್ಥರೂಪು ತಂದೆಯವರಿಗೆ’ ಎಂದು ಶುರು ಮಾಡಬೇಕು ಎಂದು ಅತ್ತೆ ಹೇಳಿಕೊಟ್ಟರು. ಹಾಗೆ ಬರೆಯಲು ಕೂತರೆ, ಕ್ವಾರಿಯಲ್ಲಿ ಲುಂಗಿ ಎತ್ತಿ ಕಟ್ಟಿಕೊಂಡು, ಮೀಸೆಯ ಮೇಲೆಲ್ಲ ಜಲ್ಲಿಪುಡಿ ಕೂರಿಸಿಕೊಂಡು ಟಿಪ್ಪರ್ ಡ್ರೈವರನ್ನು ಬೈಯುತ್ತಿರುವ ನೀನು ಕಣ್ಣಮುಂದೆ ಬಂದೆ. ನಗು ತಡೆಯಲಾಗಲಿಲ್ಲ. ಅದಕ್ಕೇ ಬರೀ ಅಪ್ಪ.

ಫೋನ್ ಮಾಡೋಣವೆಂದರೆ ನಿನ್ನ ಹಿಂದೆ ಸದಾ ಕ್ರಷರ್ ಗಡಗಡ. ಎಡಗಿವಿ ಮಂದವಾದ ಮೇಲಂತೂ ನಾನು ಏನು ಹೇಳಿದರೂ “ಆಯ್ತು ಮಗ, ಊಟ ಮಾಡು” ಎಂದು ಇಟ್ಟುಬಿಡುತ್ತೀಯ. ಈ ವಿಷಯಕ್ಕೆ ‘ಆಯ್ತು ಮಗ’ ಸಾಲದು. ಕನ್ನಡದಲ್ಲಿ ಇಷ್ಟುದ್ದ ಬರೆಯುತ್ತಿರುವುದು ಹತ್ತನೇ ಕ್ಲಾಸಿನ ಪರೀಕ್ಷೆಯಾದ ಮೇಲೆ ಇದೇ ಮೊದಲು, ಸ್ವಲ್ಪ ಸಹಿಸಿಕೋ.

ಮೊದಲು ಒಳ್ಳೆಯ ಸುದ್ದಿ. ನಾನು ಇಲ್ಲಿ ಎಷ್ಟು ಖುಷಿಯಾಗಿದ್ದೇನೆ ಗೊತ್ತಾ! ಅಮ್ಮನಿಗೆ ಹೇಳು, ಮದುವೆಗೆ ಹೊಲಿಸಿದ ಬ್ಲೌಸುಗಳೆಲ್ಲ ಈಗಾಗಲೇ ಬಿಗಿ. ಗೌರೀಶ್ ಸಂಜೆ ಹಾಸನದಿಂದ ಬಂದು ಬೈಕ್ ನಿಲ್ಲಿಸುವ ಸದ್ದಿಗೆ ನಾನು ಬಾಗಿಲಲ್ಲಿರುತ್ತೇನೆ. ದಿನವಿಡೀ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡಿ ಬರುವ ಮನುಷ್ಯ, ಅಂಗಿಯೆಲ್ಲ ಹಾಲಿನ ವಾಸನೆ. ಆ ವಾಸನೆಯೂ ನನಗೀಗ ಇಷ್ಟ! ಮೊನ್ನೆ ಅಂಗಳದಿಂದ “ಗೌರೀಶ್” ಎಂದು ಕೂಗಿದೆ. ಅತ್ತೆ ಸೊಂಟದ ಮೇಲೆ ಕೈಯಿಟ್ಟು, “ಗಂಡನ್ನ ಎಸ್ರಿಡಿದು ಕೂಗ್ತೀಯಲ್ಲವ್ವ, ಅವನೇನು ನಿನ್ ಕ್ಲಾಸ್‌ಮೇಟಾ?” ಎಂದರು. ಅವರ ಹಿಂದೆ ನಿಂತು ಇವರು ಹಲ್ಲು ಕಿರಿಯುತ್ತಿದ್ದರು. ತಾನಾಗಿ ಮನೆ ಬಾಗಿಲಿಗೆ ಬಂದ ಸಂಬಂಧ, ಬಿಡಬೇಡ ಎಂದು ನೀನು ಹಟ ಹಿಡಿದದ್ದಕ್ಕೆ ಮದುವೆಯಾದ ಹೊಸದರಲ್ಲಿ ನಿನಗೆ ಮನಸ್ಸಿನಲ್ಲೇ ಎಷ್ಟು ಸಲ ಥ್ಯಾಂಕ್ಸ್ ಹೇಳಿದ್ದೇನೋ.

ಮಾವ ನಿನ್ನ ಬಗ್ಗೆ ಒಂದು ತಮಾಷೆ ಕಟ್ಟಿಕೊಂಡಿದ್ದಾರೆ. ಮನೆಗೆ ಯಾರೇ ಬರಲಿ, “ನಮ್ ಬೀಗ್ರು ಉಡುಗನ್ನ ನೋಡಾಕ್ ಮುಂಚೆ ನಮ್ ಬಂಡೆ ತಟ್ಟಿ ನೋಡುದ್ರು ಕಣಪ್ಪ. ಬಂಡೆ ಪಾಸಾಯ್ತು, ಆಮ್ಯಾಕೆ ಉಡುಗ ಪಾಸಾದ” ಎನ್ನುತ್ತಾರೆ. ಎಲ್ಲರೂ ನಗುತ್ತಾರೆ. ಎಲ್ಲರಿಗಿಂತ ಜೋರಾಗಿ ನಾನು ನಗುತ್ತಿದ್ದೆ.

ಈಗ ಆ ಬಂಡೆಯ ವಿಷಯಕ್ಕೇ ಬರುತ್ತೇನೆ.

ಹಿತ್ತಲು ದಾಟಿ ಹೋದರೆ ಸಿಗುವ ಆ ಹಾಸುಬಂಡೆ ಬೀದಿಗೆಲ್ಲ ಕಣ. ಈಚೆಗೆ ಊರುಗಳಲ್ಲಿ ಹುಲ್ಲನ್ನು ಟಾರು ರಸ್ತೆಗೆ ಹರಡಿ ಲಾರಿ ಬಸ್ಸುಗಳ ಕೈಲಿ ತುಳಿಸುತ್ತಾರಲ್ಲ, ಇಲ್ಲಿ ಹಾಗಲ್ಲ. ನಡುಭಾಗಕ್ಕೆ ಸಗಣಿ ಬಳಿದು ಒಬ್ಬೊಬ್ಬರಾಗಿ ರಾಗಿ ಒಕ್ಕುತ್ತಾರೆ. ನಮ್ಮ ರಾಶಿಯ ದಿನ ಹೊಸ ಸೊಸೆಯ ಕೆಲಸ ನನ್ನದು. ತುಂಬಿದ ತಂಬಿಗೆ ಹಿಡಿದು ರಾಶಿ ಸುತ್ತಬೇಕು, ನೀರು ಚಿಮುಕಿಸಬೇಕು. ಕೊಳಗದಲ್ಲಿ ಅಳೆದು ಮುಗಿಯುವವರೆಗೆ ಯಾರೂ ಬಾಯಿ ಬಿಡಬಾರದು, ಮಾತಾಡಿದರೆ ರಾಶಿ ಬೆಚ್ಚುತ್ತದಂತೆ. ಪಕ್ಕದ ಮನೆಯ ಮಂಚಯ್ಯಜ್ಜ ಅಳೆಯುತ್ತಿದ್ದರು. ಎಲ್ಲರೂ ಗಪ್‌ಚಿಪ್. ಸಗಣಿ ಬಳಿಯದ ಅಂಚಿನಲ್ಲಿ ನನ್ನ ಕಾಲು ಎಡವಿತು, ತಂಬಿಗೆಯ ನೀರು ಬರಿ ಕಲ್ಲಿನ ಮೇಲೆ ಚೆಲ್ಲಿತು.

ಅಪ್ಪ, ಒದ್ದೆಯಾದ ಕೂಡಲೇ ಕಲ್ಲು ಕಣ್ಣು ಬಿಟ್ಟ ಹಾಗಾಯಿತು! ಬೂದು ಪಟ್ಟೆ, ಬಿಳಿ ಪಟ್ಟೆ, ಮಡಿಸಿಟ್ಟ ಸೀರೆಯ ನೆರಿಗೆಯಂತೆ ಒಂದರ ಮೇಲೊಂದು ಬಳುಕಿವೆ. ಅವುಗಳ ನಡುವೆ ಮೊರದಷ್ಟಗಲದ ಕರಿಕಲ್ಲಿನ ತುಂಡು, ಪಟ್ಟೆಗಳೆಲ್ಲ ಅದನ್ನು ಬಳಸಿಕೊಂಡು ಹರಿದಿವೆ. ನಾನು “ಓ ಮೈ ಗಾಡ್!” ಎಂದು ಕಿರುಚಿಬಿಟ್ಟೆ.

ಮಂಚಯ್ಯಜ್ಜನ ಕೈಯಿಂದ ಕೊಳಗ ಬಿತ್ತು. “ಏನ್ ಸೊಸೆವ್ವ, ಆವ್ ಕಂಡ್ಯಾ?”

“ಇಲ್ಲಜ್ಜ, ಕಲ್ಲು!”

“ಬಂಡೆ ಮ್ಯಾಲೆ ಕಲ್ಲು ಕಂಡ್ಲಂತೆ ಕಣ್ರಪ್ಪೋ! ಎಂ.ಎಸ್ಸಿ. ಓದವ್ಳೆ ಬ್ಯಾರೆ.”

ಅತ್ತೆ ಹಣೆ ಚಚ್ಚಿಕೊಂಡರು. ಅಳೆದ ರಾಗಿಯನ್ನೆಲ್ಲ ಮತ್ತೆ ಸುರಿದು ಮೊದಲಿನಿಂದ ಅಳೆದರು. ಅಷ್ಟೂ ಹೊತ್ತು ಗೌರೀಶ್ ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ನಗು ನುಂಗುತ್ತಿದ್ದರು. ಅಳೆಯುವುದು ಮುಗಿದ ಮೇಲೆ ನಾನು ಮತ್ತೆ ಹೋಗಿ ಮಂಡಿಯೂರಿ ಕಲ್ಲನ್ನು ಸವರುತ್ತಿದ್ದೆ. ಮಾವ ಬಂದು ನಿಂತು ಪ್ರೀತಿಯಿಂದಲೇ ಹೇಳಿದರು:

“ನೋಡ್ಕೊ ಕಣವ್ವ, ಚೆನ್ನಾಗ್ ನೋಡ್ಕೊ. ಮುಂದಿನ್ ವರ್ಸ ರಾಶಿ ಆಕಾಕೆ ಇದಿರಕಿಲ್ಲ. ಯುಗಾದಿ ಕಳುದ್ ಮ್ಯಾಕೆ ನಿಮ್ಮಪ್ಪಾರು ಮದ್ದಿಡಾಕೆ ಕುಳಿ ಒಡುಸ್ತಾರಲ್ಲ.” ನನ್ನ ಮುಖ ನೋಡಿ, “ಯಾಕವ್ವ, ನಿಮ್ಮಪ್ಪಾರು ಯೋಳಿಲ್ವಾ?” ಎಂದರು.

ನೀನು ಹೇಳಿರಲಿಲ್ಲ ಅಪ್ಪ.

ಗೌರೀಶ್‌ಗೂ ಗೊತ್ತಿರಲಿಲ್ಲ. ಅಂದು ರಾತ್ರಿ ಊಟಕ್ಕೆ ಕೂತಾಗ ಅವರು ಕೇಳಿದರು, ಮಾವ ಬಿಡಿಸಿ ಹೇಳಿದರು. ದಂಡಿಗನಹಳ್ಳಿ ಹತ್ತಿರದ ನಿನ್ನ ಕ್ವಾರಿ ತಳ ಕಾಣುತ್ತಿದೆ, ಕ್ರಷರಿಗೆ ಹೊಸ ಬಂಡೆ ಬೇಕು, ಮಾವ ಮಾತು ಕೊಟ್ಟಿದ್ದಾರೆ. ಜಮೀನು ಜಂಟಿಯಾದ್ದರಿಂದ ಒಪ್ಪಿಗೆಗೆ ಗೌರೀಶ್ ಸಹಿಯೂ ಬೇಕು. ಇವರು ಮುದ್ದೆ ಮುರಿಯುತ್ತಾ ತಣ್ಣಗೆ, “ನಾನು ಸೈನ್ ಮಾಡಲ್ಲ” ಎಂದರು.

“ಲೇ, ಬೀಗ್ರಿಗೆ ಮಾತ್ ಕೊಟ್ಟಿವ್ನಿ ಕಣ್ಲಾ. ಮಾತ್ ತಪ್ಪಿ ಅವ್ರ್ ಮುಂದೆ ಎಂಗ್ಲಾ ನಿಂತ್ಕಳ್ಳಿ?” ಎಂದು ಮಾವ ಸಿಟ್ಟಾದರು. ಕೈ ತೊಳೆಯುವಾಗ ನನ್ನ ಹತ್ತಿರ ಮೆಲ್ಲಗೆ, “ನಿಮ್ಮಪ್ಪಾರೇ ಬಂದು ಬ್ಯಾಡ ಅಂದ್ಬುಟ್ರೆ ನಂಗೂ ನೆಮ್ದಿ ಕಣವ್ವ. ನಾನಾಗಿ ಬಾಯ್ ತಗ್ಯಾಕಾಗಕಿಲ್ಲ” ಎಂದರು.

ಅದಕ್ಕೇ ಈ ಕಾಗದ. ಮಾವನನ್ನು ಆ ಮಾತಿನಿಂದ ಬಿಡಿಸಬಲ್ಲವನು ನೀನೊಬ್ಬನೇ.

ನೀನು ಏನು ಕೇಳುತ್ತೀಯ ಎಂದು ನನಗೆ ಗೊತ್ತು. ‘ಜಲ್ಲಿಯಿಲ್ಲದೆ ರಸ್ತೆ ಎಲ್ಲಿಂದ, ನಿನ್ನ ಕಾನ್ವೆಂಟ್ ಸ್ಕೂಲಿನ ಛಾವಣಿ ಎಲ್ಲಿಂದ, ನಿನ್ನ ಜಿಯಾಲಜಿ ಓದು ಎಲ್ಲಿಂದ?’ ಎಲ್ಲ ಕಲ್ಲಿನಿಂದಲೇ ಅಪ್ಪ. ಕಲ್ಲಿನ ಮೇಲೆ ಆಸೆ ಹುಟ್ಟಿಸಿದವನೂ ನೀನೇ. ಭಾನುವಾರ ಕ್ವಾರಿಗೆ ಕರೆದುಕೊಂಡು ಹೋಗಿ, ನನ್ನ ಕೈಗೆ ಸುತ್ತಿಗೆ ಕೊಟ್ಟು, ಹಿಡಿಯ ಮೇಲೆ ನಿನ್ನ ಕೈಯಿಟ್ಟು ತಟ್ಟಿಸುತ್ತಿದ್ದೆ. ಗಟ್ಟಿ ಕಲ್ಲು ‘ಠಣ್’ ಎನ್ನುತ್ತಿತ್ತು. ಒಳಗೆ ಬಿರುಕಿದ್ದರೆ ‘ದಬ್’. “ಮ್ಯಾಲೆ ನೋಡಿದ್ರೆ ಗೊತ್ತಾಗಲ್ಲ ಮಗ, ಕಿವಿ ಕೊಟ್ಟು ಕೇಳು” ಎನ್ನುತ್ತಿದ್ದೆ. ಕಾಲೇಜಿನಲ್ಲಿ ಯಾವ ಮೇಷ್ಟರೂ ಅಷ್ಟು ಚೆನ್ನಾಗಿ ಪಾಠ ಶುರು ಮಾಡಲಿಲ್ಲ.

ಎಲ್ಲ ಬಂಡೆಯನ್ನೂ ಬಿಡು ಎನ್ನುತ್ತಿಲ್ಲ ನಾನು. ಇದೊಂದನ್ನು ಬಿಡು. ಗೊರೂರು, ಹೊಳೆನರಸೀಪುರ ಸುತ್ತಿನ ಇಂಥ ಪಟ್ಟೆಗಲ್ಲುಗಳ ವಯಸ್ಸು ಸುಮಾರು ಮುನ್ನೂರ ಮೂವತ್ತು ಕೋಟಿ ವರ್ಷ. ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು ಕಲ್ಲಿನೊಳಗಿರುತ್ತವೆ, ಅವು ಹುಟ್ಟಿದ ದಿನದಿಂದ ಗಡಿಯಾರದಂತೆ ನಡೆಯುತ್ತಿರುತ್ತವೆ. ಹಾಗೆ ಲೆಕ್ಕ ಸಿಕ್ಕಿದ್ದು. ಆ ಕರಿಯ ತುಂಡು ಇನ್ನೂ ಹಳೆಯದು. ಅದು ಮೊದಲೇ ಇದ್ದುದರಿಂದಲೇ ತಾನೇ, ಬೂದುಗಲ್ಲು ಕುದಿಯುತ್ತಾ ಬಂದು ಅದನ್ನು ಸುತ್ತುವರಿದದ್ದು? ಭೂಮಿಯ ಮೇಲೆ ಆಗ ಒಂದು ಹುಲ್ಲೆಸಳಿಲ್ಲ, ಒಂದು ಮೀನಿಲ್ಲ, ಉಸಿರಾಡಲು ಗಾಳಿಯೂ ಸರಿಯಿಲ್ಲ. ಇಂಥ ಮಡಿಕೆ, ಇಂಥ ಕರಿಗಲ್ಲು ಒಂದೇ ಕಡೆ ಇಷ್ಟು ಬಿಚ್ಚಿಕೊಂಡು ಮಲಗಿರುವುದನ್ನು ನಾನು ಓದಿದಷ್ಟೂ ದಿನ ಎಲ್ಲೂ ನೋಡಲಿಲ್ಲ. ನೋಡಿದ್ದು ಗಂಡನ ಮನೆಯ ಹಿತ್ತಲಲ್ಲಿ!

ಹುರುಳಿ ಒಣಗಿಸಲು ಬಂದಿದ್ದ ಬೀದಿಯ ಹೆಂಗಸರಿಗೆಲ್ಲ ಇದನ್ನು ಹೇಳಿದೆ. ಮಂಚಯ್ಯಜ್ಜ ನಂಬಲಿಲ್ಲ. “ಮುನ್ನೂರ್ ಮೂವತ್ತು ಕೋಟಿ ವರ್ಸ? ಯಾರ್ ಕಂಡವ್ರೆ ಬುಡವ್ವ. ನಮ್ ತಾತ ಉಟ್ಟಿದ್ ವರ್ಸಾನೇ ಯಾರ್ಗೂ ಗೊತ್ತಿಲ್ಲ!”

ಆಗ ನಾನು ರಾಗಿ ಲೆಕ್ಕ ಹೇಳಿದೆ. ಒಂದು ವರ್ಷಕ್ಕೆ ಒಂದು ರಾಗಿ ಕಾಳು ಇಟ್ಟುಕೊಂಡು ಹೋದರೆ ಈ ಬಂಡೆಯ ವಯಸ್ಸಿಗೆ ನೂರು ಮೂಟೆ ಹತ್ತಿರ ಬೇಕು. ಬೇಲೂರು ಹಳೇಬೀಡಿನ ಗುಡಿ ಕಟ್ಟಿ ಇಲ್ಲಿಗೆ ಎಷ್ಟು ಎಂದರೆ, ಒಂದು ಚಿಟಿಕೆ. ಎಲ್ಲರೂ ಬಂಡೆಯ ಮೇಲಿದ್ದ ಮಂಚಯ್ಯಜ್ಜನ ರಾಗಿ ರಾಶಿಯನ್ನೊಮ್ಮೆ ನೋಡಿದರು. ಅತ್ತೆ ಬೆರಳ ತುದಿಯನ್ನು ರಾಗಿಗೆ ಒತ್ತಿ, “ಅಂಗಾರೆ ನನ್ ಆಯಸ್ಸು?” ಎಂದರು. “ನಿಮ್ಮ ಬೆರಳಿಗೆ ಅಂಟಿದೆಯಲ್ಲ ಅತ್ತೆ, ಅಷ್ಟು” ಎಂದೆ. ಬೆರಳನ್ನು ಒಂದು ಗಳಿಗೆ ನೋಡಿ, ಉಫ್ ಎಂದು ಊದಿ, “ಇಷ್ಟುಕ್ಕೇ ಇಷ್ಟೊಂದ್ ರಂಪ ಮಾಡ್ಕತೀವಲ್ಲ!” ಎಂದರು. ನಾನು ಅವರನ್ನು ಅಲ್ಲೇ ತಬ್ಬಿಕೊಂಡೆ. “ಬುಡೇ, ಬೀದಿ ಜನ ನೋಡ್ತಾರೆ” ಎಂದು ತಳ್ಳಿದರು, ಜೋರಾಗಿ ಏನೂ ತಳ್ಳಲಿಲ್ಲ.

ಈಗ ದಿನಾ ಬೆಳಿಗ್ಗೆ ಬಿಂದಿಗೆ ನೀರು ಹೊತ್ತು ಹೋಗಿ, ಬಂಡೆಯ ಒಂದೊಂದು ಭಾಗ ತೊಳೆದು, ಪಟ್ಟೆಗಳ ಚಿತ್ರ ಬರೆದುಕೊಳ್ಳುತ್ತಿದ್ದೇನೆ. ನಮ್ಮ ಪ್ರೊಫೆಸರಿಗೆ ಫೋಟೊ ಕಳಿಸಿದೆ. ಮಾರ್ಚಿನಲ್ಲಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಬರುತ್ತಾರಂತೆ, ಬೀದಿಯ ಹೆಂಗಸರು ಅಡುಗೆ ಮಾಡುವುದು ಎಂದಾಗಿದೆ. ಗೌರೀಶ್ ಸಹಿ ಹಾಕುವುದಿಲ್ಲ. ಅಷ್ಟಾದ ಮೇಲೂ ನೀನು ಕುಳಿ ಹೊಡೆಯುವ ಕಂಪ್ರೆಷರ್ ಕಳಿಸಿದರೆ ಆ ಕರಿಕಲ್ಲಿನ ಮೇಲೆ ನಾನು ಕೂತಿರುತ್ತೇನೆ. ನಿನ್ನ ಕೆಲಸದವರಿಗೆಲ್ಲ ನನ್ನ ಪರಿಚಯವಿದೆ, ಚಿಕ್ಕಂದಿನಲ್ಲಿ ಎತ್ತಿ ಆಡಿಸಿದವರು. ನನ್ನನ್ನು ಎಬ್ಬಿಸಿ ಕುಳಿ ಹೊಡೆ ಎಂದು ಅವರಿಗೆ ನೀನೇ ಬಂದು ಹೇಳಬೇಕಾಗುತ್ತದೆ. ಇದು ಹೆದರಿಸುವ ಮಾತಲ್ಲ ಅಪ್ಪ. ನಾನು ಏನು ಮಾಡುತ್ತೇನೆ ಎಂದು ನಿನಗೆ ಮೊದಲೇ ತಿಳಿದಿರಲಿ ಎಂದು ಬರೆದೆ, ಅಷ್ಟೆ. ಯಾವುದನ್ನೂ ಬೆನ್ನ ಹಿಂದೆ ಮಾಡಬಾರದು.

ಅಮ್ಮನಿಗೆ ಅವರೆಕಾಯಿ ಕಳಿಸುತ್ತಿದ್ದೇನೆ, ಸೊಗಡು ಹೋಗುವ ಮುಂಚೆ ಸಾರು ಮಾಡಲಿ. ಕಿವಿಗೆ ಡಾಕ್ಟರ್ ಕೊಟ್ಟ ಹನಿ ಹಾಕಿಕೋ, ಕ್ರಷರ್ ಹತ್ತಿರ ಹತ್ತಿ ಇಟ್ಟುಕೋ. ನೀವಿಬ್ಬರೂ ನೂರು ಕಾಲ ಗಟ್ಟಿಯಾಗಿರಿ. ನನ್ನ ತಲೆಯ ಮೇಲೆ ನಿನ್ನ ಕೈ ಯಾವಾಗಲೂ ಇರಲಿ, ಈ ವಿಷಯದಲ್ಲಿ ನಾನು ನಿನಗೆ ಎದುರು ನಿಂತಾಗಲೂ.

ನಿನ್ನ ಮಗಳು,
ಸೌಜನ್ಯ

ಮರೆತಿದ್ದೆ ಎಂದು ಬರೆಯಬೇಕು ಇಲ್ಲಿ, ಆದರೆ ಮರೆತಿರಲಿಲ್ಲ. ನಿನ್ನೆ ಅತ್ತೆ ರಾಗಿ ಜರಡಿ ಹಿಡಿಯುತ್ತಾ ಅದೇ ಹಳೇ ತಮಾಷೆಯನ್ನು ಪೂರ್ತಿಯಾಗಿ ಹೇಳಿದರು, ಸಂತೋಷದಿಂದಲೇ. “ನಿಮ್ಮಪ್ಪಾರು ಮೊದುಲ್ ಸಲ ಬಂದಾಗ ನಿಮ್ಮಾವ ಆಗಕಿಲ್ಲ ಅಂದ್ಬುಟ್ರು ಕಣವ್ವ. ಕಣದ್ ಬಂಡೆ ಬ್ಯಾರೆಯವ್ರಿಗೆ ಕೊಡಕಿಲ್ಲ ಅಂತ. ಆಮ್ಯಾಕೆ ನಿನ್ ಫೋಟ ತಕ್ಕಂಡ್ ಬಂದ್ರು. ಸಂಬಂದ ಆದ್ಮ್ಯಾಲೆ ಬ್ಯಾರೆಯವ್ರೆಲ್ಲಿ ಬಂತು?” ನಾನೂ ಅವರ ಜೊತೆ ನಕ್ಕೆ. ಆಮೇಲೆ ನನ್ನ ಕೈಯಲ್ಲಿದ್ದ ಜರಡಿ ಕೆಳಗಿಟ್ಟೆ.

ನೀನು ಈ ಸಂಬಂಧದ ಮಾತು ತೆಗೆದದ್ದು ನನಗೆ ಪಿಎಚ್.ಡಿ. ಸೀಟು ಸಿಕ್ಕಿದ್ದ ವಾರ. “ಓದು ಆಮೇಲೂ ಇರುತ್ತೆ ಮಗ, ಸಂಬಂಧ ತಾನಾಗಿ ಬಂದಿದೆ” ಎಂದಿದ್ದೆ. ಅದು ಬಂದದ್ದಲ್ಲ, ನೀನು ಹೋಗಿ ತಂದದ್ದು.

ನೀನು ಆ ಬಂಡೆಗಾಗಿ ಬರದಿದ್ದರೆ ನನಗೆ ಗೌರೀಶ್ ಸಿಗುತ್ತಿರಲಿಲ್ಲ. ಅದಕ್ಕೇ ನಿನ್ನ ಮೇಲೆ ಹೇಗೆ ಕೋಪ ಮಾಡಿಕೊಳ್ಳಬೇಕೋ ತಿಳಿಯುತ್ತಿಲ್ಲ. ಇವರಿಗೆ ಈ ಮಾತು ಹೇಳಿಲ್ಲ, ಹೇಳುವುದೂ ಇಲ್ಲ. ಬಂಡೆಯ ವಿಷಯ ನೀನು ಏನೇ ತೀರ್ಮಾನ ಮಾಡು, ಒಂದು ಸಲ ಒಬ್ಬನೇ ಬಾ. ಆ ಕರಿಕಲ್ಲಿನ ಮೇಲೆ ನನ್ನನ್ನು ನಿನ್ನ ಬಲಗಿವಿಯ ಕಡೆ ಕೂರಿಸಿಕೊಂಡು, ಮೊದಲು ನೋಡಿದ್ದು ಬಂಡೆಯನ್ನೋ ಹುಡುಗನನ್ನೋ, ನೀನೇ ಹೇಳು. ನಾನು ನಿನ್ನ ಮುಖ ನೋಡುವುದಿಲ್ಲ, ಕಿವಿ ಕೊಟ್ಟು ಕೇಳುತ್ತೇನೆ.