ಹೆರಿಗೆ ವಾರ್ಡಿನ ಮೇಲಿನ ಟ್ಯಾಂಕು ಮತ್ತು ರದ್ದಿಗೆ ಹೋದ ಉಕ್ಕಿನ ಕೈಪಿಡಿಗಳು

ಮಾನ್ಯ ಮುಖ್ಯ ಎಂಜಿನಿಯರ್ ಸಾಹೇಬರೇ,

ಹಳೆಯ ಆಸ್ಪತ್ರೆಯ ತಾರಸಿಯ ಮೇಲೆ ನೀವು ಕೂರಿಸಿರುವ ಹೊಸ ನೀರಿನ ಟ್ಯಾಂಕನ್ನು ಸೋಮವಾರ ತುಂಬಿಸುತ್ತೀರಂತೆ. ಅದರ ಕೆಳಗೆ ಹೆರಿಗೆ ವಾರ್ಡಿದೆ. ಆ ಭಾರ ಹೊರಬೇಕಾದ ತೊಲೆಗಳು ಎಷ್ಟು ಗಟ್ಟಿ ಎಂಬುದು ನಿಮಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವ ದಾರಿಯನ್ನೂ ನೀವೇ ರದ್ದಿಗೆ ಹಾಕಿಸಿದ್ದೀರಿ.

ನಾನು ಹಳೆಯ ಕಟ್ಟಡಗಳನ್ನೇ ನೋಡಿಕೊಂಡು ಬಂದ ಎಂಜಿನಿಯರು. ಆ ವಾರ್ಡಿನ ಚಾವಣಿಯಲ್ಲಿ ಉಕ್ಕಿನ ತೊಲೆಗಳು ಇಟ್ಟಿಗೆ ಕಮಾನುಗಳೊಳಗೆ ಹುದುಗಿವೆ. ಕಣ್ಣಿಗೆ ಬೀಳುವುದು ಕೆಳಗಿನ ಪಟ್ಟಿ ಮಾತ್ರ. ನಿಮ್ಮವರು ಏಣಿ ಹತ್ತಿ ಆ ಪಟ್ಟಿಯ ಅಗಲ ಅಳೆದರು, ಉಕ್ಕಿನ ಅಳತೆ, ಬಲಗಳ ಈಗಿನ ಕೈಪಿಡಿಯಲ್ಲಿ ಅಷ್ಟೇ ಅಗಲದ ತೊಲೆ ಹುಡುಕಿದರು, ಅದರ ಎತ್ತರವನ್ನೂ ಬಲವನ್ನೂ ಇದಕ್ಕೆ ದಯಪಾಲಿಸಿದರು. ಆಹಾ, ಎಂಥ ಔದಾರ್ಯ! ಆ ಕಾಲದ ಕಾರ್ಖಾನೆಗಳು ಅಷ್ಟೇ ಅಗಲದ ಪಟ್ಟಿಗೆ ಎತ್ತರದಲ್ಲಿ ಎಷ್ಟೋ ಗಿಡ್ಡ ತೊಲೆಗಳನ್ನೂ ಮಾಡುತ್ತಿದ್ದವು; ಎತ್ತರ ಕಡಿಮೆಯಾದಷ್ಟೂ ತೊಲೆ ಹೊರುವ ಭಾರವೂ ಕಡಿಮೆ. ಉಕ್ಕೂ ಈಗಿನಷ್ಟು ಗಟ್ಟಿಯಲ್ಲ. ಯಾವ ಕಾರ್ಖಾನೆ ಯಾವ ಕಾಲದಲ್ಲಿ ಯಾವ ಅಳತೆಯದನ್ನು ಮಾಡಿತು ಎಂಬುದೆಲ್ಲ ಹಳೆಯ ಕೈಪಿಡಿಗಳಲ್ಲಿತ್ತು.

ಅವನ್ನು ಕೇಳಿಕೊಂಡು ನಿಮ್ಮ ಇಲಾಖೆಯ ಗ್ರಂಥಾಲಯಕ್ಕೆ ಹೋದೆ. ಕಪಾಟಿದ್ದ ಜಾಗದಲ್ಲಿ ಜೆರಾಕ್ಸ್ ಮೆಷಿನ್ ಕೂತಿತ್ತು. "ಹೊಸ ಎಡಿಷನ್ ಬಂದಿದೆಯಲ್ಲ ಮೇಡಂ, ಹಳೇದೆಲ್ಲ ಬರೀ ಧೂಳು ಅಂತ ಸಾಹೇಬ್ರೇ ತೂಕಕ್ಕೆ ಹಾಕಿಸಿಬಿಟ್ರು," ಎಂದರು ಗ್ರಂಥಪಾಲಕರು. ಪುಸ್ತಕವೇನೋ ಹೊಸದಾಯಿತು ಸ್ವಾಮೀ, ತೊಲೆ ಹೊಸದಾಯಿತೇ?

ನನ್ನ ಅಕ್ಕ ಅದೇ ವಾರ್ಡಿನ ನರ್ಸು. "ಸೋಮವಾರ ಒಂದಿನ ರಜಾ ಹಾಕೇ ಅಕ್ಕಾ," ಎಂದು ಗೋಗರೆದೆ. "ನಾನೇನೋ ಹಾಕ್ತೀನಿ, ಬಾಣಂತೀರು ಯಾರ ಹತ್ರ ಹೋಗಿ ರಜಾ ಕೇಳ್ಬೇಕೇ?" ಎಂದು ನನ್ನನ್ನೇ ಬೈದಳು. ಅವಳ ಪ್ರಶ್ನೆಯನ್ನು ಹಾಗೇ ನಿಮಗೆ ದಾಟಿಸುತ್ತಿದ್ದೇನೆ. ಉತ್ತರ ನಿಮಗೇನಾದರೂ ಹೊಳೆಯುತ್ತದೆಯೇ?

ಚಾವಣಿಯ ಒಂದು ಕಡೆ ಇಟ್ಟಿಗೆ ಬಿಚ್ಚಿಸಿ. ತೊಲೆಯ ಎತ್ತರ ಅಳೆಸಿ, ಚೂರು ಉಕ್ಕು ಕತ್ತರಿಸಿ ಪರೀಕ್ಷೆಗೆ ಕಳಿಸಿ. ಹಳೆಯ ಕೈಪಿಡಿಗಳು ಎಲ್ಲಿ ಉಳಿದಿದ್ದರೂ ತರಿಸಿ ಕಪಾಟಿನಲ್ಲಿಡಿ. ಅಲ್ಲಿಯವರೆಗೆ ಆ ಟ್ಯಾಂಕಿಗೆ ಒಂದು ಕೊಡ ನೀರೂ ಬೀಳಕೂಡದು. ನನ್ನ ಮಾತು ತಪ್ಪಾದರೆ ಊರೆಲ್ಲ ನನ್ನನ್ನು ನೋಡಿ ನಗಲಿ. ನಿಮ್ಮ ಲೆಕ್ಕ ತಪ್ಪಾದರೆ, ಆ ಹೊತ್ತಿನಲ್ಲಿ ಅಕ್ಕನ ಕೈಯಲ್ಲಿ ಯಾರದೋ ಮಗು ಇರುತ್ತದೆ.

ಇಂತಿ,
ನನ್ನ ಮೊದಲ ಪತ್ರಕ್ಕೆ ಬಂದ ನಿಮ್ಮ ಕಚೇರಿಯ ಉತ್ತರದಲ್ಲಿ 'ವೃಥಾ ಗಾಬರಿ ಹುಟ್ಟಿಸುವವರು' ಎನಿಸಿಕೊಂಡು, ಸೋಮವಾರ ಅಕ್ಕನ ಪಕ್ಕದಲ್ಲೇ ನಿಲ್ಲಲಿರುವ ತಂಗಿ