ಹಾಯಿಯ ನೆರಳು

ಮಲ್ಲಕ್ಕ ಕಾಕೂಗೆ ಪ್ರಭುವಿನ ಶರಣಾರ್ಥಿ,

ಒಟ್ಟು ಖರ್ಚು ಮೊದಲೇ ಹೇಳುತ್ತೇನೆ: ಒಂದು ಮೊಳ ನೆರಳಿಗೆ ನಿಮ್ಮ ಯಜಮಾನರಾದ ಈರಪ್ಪ ಕಾಕಾರ ಜೀವ ಹೋಯಿತು.

ಅಂದು ಕಲಘಟಗಿ ಕೆರೆಯಲ್ಲಿ ನನ್ನ ಹಾಯಿದೋಣಿ ಗಾಳಿಗೆ ಒಂದು ಬದಿಗೆ ವಾಲಿತ್ತು. ಭಾರ ಸರಿದೂಗಲೆಂದು ಕಾಕಾ ಎದುರು ಅಂಚಿನ ಮೇಲೆ ಬಿಸಿಲಲ್ಲಿ ಕೂತಿದ್ದರು. ಹಿರಿಯರು ಬಿಸಿಲಲ್ಲಿ, ನಾನು ಹಾಯಿಯ ನೆರಳಲ್ಲಿ! ಮರ್ಯಾದೆ ಬಿಟ್ಟವನಲ್ಲ ನಾನು.

"ಇತ್ತಾಗ ನೆರಳಿಗೆ ಬರ್ರಿ ಕಾಕಾ."

"ಬ್ಯಾಡಲೇ, ದೋಣಿ ಮಗಚತೈತಿ."

"ನಾ ಹತ್ತಿ ಅಂಡಿಗಿ ತೂಗಾಂವ. ಭಾರ ನನಗ ಗೊತ್ತಿಲ್ಲೇನ್ರಿ?" ಎಂದು ಕೈಹಿಡಿದು ಎಳೆದೆ.

ಬಂದರು. ದೋಣಿ ಮಗುಚಿತು. ನನಗೆ ಈಜು ಬರುತ್ತಿತ್ತು.

ಪೊಲೀಸರ ಕಾಗದದಲ್ಲಿ ಬಿರುಗಾಳಿ ಎಂದು ಬರೆಸಿದವನು ನಾನೇ. ಅದು ನಿಮ್ಮ ಸಹಿಗೆ ಬರುತ್ತದೆ, ಹಾಕಬೇಡಿರಿ. ಹಾಕಿದರೆ ಗಾಳಿಗೆ ಅಪವಾದ, ನನಗೆ ಬಿಡುಗಡೆ, ನಿಮಗೆ ಕೆರೆಯಲ್ಲಿ ಸಿಕ್ಕ ಕಾಕಾರ ಒದ್ದೆ ಟೊಪ್ಪಿಗೆ ಮಾತ್ರ.

ಪ್ರಭು, ಯರಗುಪ್ಪಿ